ಕೆನ್ನೆ ಬಿಡದ ಬಲಗೈ

ಹೋಟೆಲಿನ ನೆಲಮಾಳಿಗೆಯಲ್ಲಿರುವ ಲಾಂಡ್ರಿಗೆ ಬೆಳಿಗ್ಗೆ ಏಳೂವರೆಗೆ ಮೊದಲ ತಳ್ಳುಗಾಡಿ ಬರುತ್ತದೆ. ಒಗೆದು ಒಣಗಿದ ಬೆಡ್‌ಶೀಟಿನ ಎರಡು ತುದಿಗಳನ್ನು ಇಸ್ತ್ರಿ ಮಾಡುವ ಹೆಂಗಸು ಹಿಡಿಯುತ್ತಾಳೆ, ಇನ್ನೆರಡನ್ನು ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಹಿಡಿಯುತ್ತಾರೆ. ಇಬ್ಬರೂ ನಾಲ್ಕು ಹೆಜ್ಜೆ ಹಿಂದೆ ಸರಿದು ಬಟ್ಟೆ ಬಿಗಿಮಾಡಿ, ಒಮ್ಮೆ ಝಾಡಿಸಿ, ನಾಲ್ಕು ಹೆಜ್ಜೆ ಮುಂದೆ ಬಂದು ತುದಿಗೆ ತುದಿ ಸೇರಿಸುತ್ತಾರೆ. ಒಂದು ಪಾಳಿಗೆ ಇನ್ನೂರು. ಒಂದು ಮುಗಿದು ಇನ್ನೊಂದು ಕೈಗೆ ಬರುವಷ್ಟರಲ್ಲಿ ಆ ಹಿರಿಯರ ಬಲಗೈ ತಾನಾಗಿಯೇ ಮೇಲೇರಿ ಕೆನ್ನೆಗೆ ಒತ್ತಿಕೊಳ್ಳುತ್ತದೆ.

“ಕೈ ಇಳಿಸಿ ಅಣ್ಣ, ಬೆಡ್‌ಶೀಟ್ ಏನೂ ತಿರುಗಿ ಹೊಡೆಯಲ್ಲ.”

ಹನ್ನೊಂದು ವರ್ಷದಿಂದ ಅವಳದು ಅದೇ ಮಾತು. ಅವರು ನಕ್ಕು ಕೈ ಇಳಿಸುತ್ತಾರೆ. ಮುಂದಿನ ಸಲ ಅದು ಮತ್ತೆ ಅಲ್ಲೇ ಇರುತ್ತದೆ.

ಲಾಂಡ್ರಿಯಲ್ಲಿ ಅವರಿಗೆ ಸುತ್ತಿಗೆ ಎಂದು ಹೆಸರು. ಹೊಸದಾಗಿ ಸೇರಿದವರು ಇವರು ರಿಪೇರಿಯವರಿರಬೇಕೆಂದು ಕೆಟ್ಟು ನಿಂತ ಯಂತ್ರದ ಹತ್ತಿರ ಕರೆದೊಯ್ಯುವುದುಂಟು. ಹೆಸರು ಬಂದದ್ದು ಬಾಕ್ಸಿಂಗ್ ರಿಂಗಿನಿಂದ. ಈಗ ಅವರಿಗೆ ಐವತ್ತೊಂದು. ಇಪ್ಪತ್ತೇಳರ ಹೊತ್ತಿಗೆ ಹದಿನೇಳು ಪಂದ್ಯ ಆಡಿ ಹದಿನೇಳನ್ನೂ ಗೆದ್ದಿದ್ದರು, ಮುಕ್ಕಾಲುಪಾಲು ಆ ಬಲಗೈಯಿಂದಲೇ.

ಹದಿನೆಂಟನೆಯ ಪಂದ್ಯದ ನಾಲ್ಕನೇ ಸುತ್ತಿನಲ್ಲಿ ಬಿದ್ದರು. ಹೇಗೆ ಬಿದ್ದೆನೆಂಬುದು ನೆನಪಿಲ್ಲ. ಕಣ್ಣು ಬಿಟ್ಟಾಗ ತರಬೇತು ಕೊಟ್ಟ ಗುರುಗಳು ಮುಖದ ಮೇಲೆ ಬಾಗಿದ್ದರು. “ಬಲಗೈ ಇಳಿಸ್ಬಿಟ್ಟೆ ಕಣೋ. ಪಕ್ಕದಿಂದ ಅವನ ಎಡಗೈ ಬಂತು.”

ಬಸ್ ಶೆಡ್ಡಿನ ಹಿಂದೆ ಅವರು ಕಲಿತ ಅಖಾಡದಲ್ಲಿ ಗುರುಗಳು ಒಂದು ಮಾತು ಹೇಳಿದರೆ ಮತ್ತೆ ಕೇಳುವವರಿರಲಿಲ್ಲ. ಮರುವಾರದಿಂದಲೇ ತಿದ್ದುವ ಕೆಲಸ ಶುರುವಾಯಿತು. ಶಿಷ್ಯನ ಬಲಗೈ ಗ್ಲೌಸಿಗೂ ಕೆನ್ನೆಗೂ ನಡುವೆ ಮಡಿಸಿದ ಕರವಸ್ತ್ರ ಇಟ್ಟು, ಅದು ಬೀಳದ ಹಾಗೆ ಮೂರು ಸುತ್ತು ಆಡಿಸುತ್ತಿದ್ದರು. ಬಿದ್ದರೆ ಮೊದಲಿಂದ. ಆರು ತಿಂಗಳಿಗೆ ಕರವಸ್ತ್ರ ಬೀಳುವುದು ನಿಂತಿತು. ಅಷ್ಟರಲ್ಲಿ ಆ ಕೈ ಹೊಡೆಯುವುದನ್ನೂ ಬಿಟ್ಟಿತ್ತು. ಮುಂದಿನ ಒಂಬತ್ತು ಪಂದ್ಯಗಳಲ್ಲಿ ಏಳು ಸೋತರು. ಮೊದಲ ಸೋಲಿಗೆ ಪತ್ರಿಕೆಗಳು ಅರ್ಧ ಪುಟ ಕೊಟ್ಟಿದ್ದವು. ಕೊನೆಯದಕ್ಕೆ ಫಲಿತಾಂಶದ ಪಟ್ಟಿಯಲ್ಲಿ ಒಂದು ಸಾಲು ಬಂತು, ಅದರಲ್ಲೂ ಊರು ತಪ್ಪಾಗಿತ್ತು.

ಹೆಂಡತಿ ನಾಲ್ಕು ವರ್ಷ ಜೊತೆಗಿದ್ದಳು. “ಊಟಕ್ಕೆ ಕೂತಾಗ್ಲೂ ಕೈ ಕೆನ್ನೆ ಮೇಲೆ. ಎದುರಿಗಿರೋದು ನಾನು ಕಣ್ರೀ, ಅವನಲ್ಲ,” ಎನ್ನುತ್ತಿದ್ದಳು. ಹೋಗುವ ದಿನ ಜಗಳವೇನೂ ಆಗಲಿಲ್ಲ. ಟಯರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಈಗಲೂ ಎರಡು ತಟ್ಟೆಗಳಿವೆ. ಅವರು ಒಂದನ್ನು ಇನ್ನೊಂದಕ್ಕೆ ಮುಚ್ಚಳ ಮಾಡಿಕೊಂಡಿದ್ದಾರೆ.

ಭಾನುವಾರ ಅವರು ಹೋಗುವುದು ಗುರುಗಳ ಮನೆಗೆ. ಬೇರೆ ಯಾರ ಮನೆಗೂ ಹೋಗುವುದಿಲ್ಲ. ಗುರುಗಳಿಗೆ ಎಂಬತ್ಮೂರು, ಕಣ್ಣು ಮಂಜು, ಕೈ ನಡುಗುತ್ತದೆ. ಒಂಬತ್ತು ಗಂಟೆಗೆ ಶಿಷ್ಯ ಬಂದು ಗಡ್ಡ ಹೆರೆಯಬೇಕು.

ಕಳೆದ ಗುರುವಾರ ಊಟದ ಬಿಡುವಿನಲ್ಲಿ ಇಸ್ತ್ರಿಯಾಕೆ ಮೊಬೈಲು ಹಿಡಿದು ಓಡಿಬಂದಳು. “ಅಣ್ಣ, ಇದು ನೀವೇನಾ? ಅಯ್ಯೋ, ತಲೆ ತುಂಬ ಕೂದಲು!”

ಆ ಕಾಲದಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದವನೊಬ್ಬ ಆ ಹದಿನೆಂಟನೆಯ ಪಂದ್ಯವನ್ನೂ ತೆಗೆದಿದ್ದ. ಅವನ ಮಗ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಈಗ ಇಂಟರ್ನೆಟ್ಟಿಗೆ ಹಾಕಿದ್ದಾನೆ. ಅವರು ತಟ್ಟೆ ಬದಿಗಿಟ್ಟು ನೋಡಿದರು. ನಾಲ್ಕನೇ ಸುತ್ತನ್ನು ಏಳು ಸಲ ನೋಡಿದರು. ಬಲಗೈ ಕೆನ್ನೆಯ ಮೇಲೆ, ಇರಬೇಕಾದ ಕಡೆಯೇ ಇತ್ತು. ಎದುರಾಳಿಯ ಎಡಗೈ ಅಲುಗಿರಲಿಲ್ಲ. ಎರಡು ಗ್ಲೌಸುಗಳ ನಡುವಿನ ಸಂದಿಯಲ್ಲಿ ಅವನ ಬಲಗೈ ನೇರವಾಗಿ ನುಗ್ಗಿತ್ತು. ಚಿತ್ರದ ಒಂದು ಮೂಲೆಯಲ್ಲಿ ಗುರುಗಳೂ ಇದ್ದರು. ಅವರು ಕೂತ ಜಾಗದಿಂದ ಕಾಣುತ್ತಿದ್ದದ್ದು ಶಿಷ್ಯನ ಬೆನ್ನು ಮಾತ್ರ.

“ಇಳಿಸಿರಲಿಲ್ಲ,” ಎಂದರು ಅವರು.

ವಿಷಯ ತಿಳಿದ ಇಸ್ತ್ರಿಯಾಕೆ ಕೆರಳಿದಳು. “ಭಾನುವಾರ ಮುಖದ ಮೇಲೇ ಹೇಳಿ. ಒಬ್ಬರ ಬಾಳು ಹಾಳು ಮಾಡಿದ್ದೀನಿ ಅಂತ ಅವರಿಗೂ ಗೊತ್ತಾಗ್ಲಿ.”

ಅವರು ಹೇಳಬೇಕೆಂದೇ ಹೋದರು. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದರು, ಎರಡೇ ವಾಕ್ಯ. ಗುರುಗಳ ಮಗಳು ಬಿಸಿನೀರು ತಂದಿಟ್ಟಳು. ನೊರೆ ಹಚ್ಚಿ, ಒಂದು ಕೆನ್ನೆ ಮುಗಿಸಿ, ಗಲ್ಲ ಎತ್ತಿ ಹಿಡಿದಾಗ ಗುರುಗಳು ಎಂದಿನಂತೆ ಶುರುಮಾಡಿದರು. “ಲೇ ಸುತ್ತಿಗೆ, ಒಂದೇ ಒಂದ್ಸಲ ಕೈ ಇಳಿಸಿದೆ ನೋಡು.”

“ಅಲ್ಲಾಡ್ಬೇಡಿ ಗುರುಗಳೇ, ಕುಯ್ಯುತ್ತೆ.”

ಗುರುಗಳು ಕತ್ತು ನೆಟ್ಟಗೆ ಮಾಡಿದರು. ಬಳಿಕ, ಇಪ್ಪತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದರು.

“ಇಳಿಸಿದ್ದೆ ತಾನೇ? ಈಚೆಗೆ ನಿದ್ದೆ ಬರಲ್ಲ ಕಣೋ. ನಾನು ಸರಿಯಾಗಿ ನೋಡಿದ್ನಾ ಅನ್ಸುತ್ತೆ.”

ಬ್ಲೇಡು ಕತ್ತಿನ ಮೇಲೆ ನಿಂತಿತು. ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದ ಮಗಳೂ ಅವರನ್ನೇ ನೋಡುತ್ತಿದ್ದಳು.

“ಇಳಿಸಿದ್ದೆ ಗುರುಗಳೇ. ನನಗೆ ಚೆನ್ನಾಗಿ ನೆನಪಿದೆ.”

“ಹಾಂ,” ಎಂದರು ಗುರುಗಳು. “ಎಷ್ಟು ಬಡ್ಕೊಂಡೆ ನಿಂಗೆ ಆಗ.”

ಉಳಿದ ಕೆನ್ನೆಯನ್ನು ಅವರು ನಿಧಾನವಾಗಿ ಮುಗಿಸಿದರು. ಮುಖ ಒರೆಸಿ, ನೀರು ಚೆಲ್ಲಿ, ಬ್ಲೇಡು ಮೊಂಡಾಗಿದೆ, ಮುಂದಿನ ವಾರ ಹೊಸದು ತರುತ್ತೇನೆ ಎಂದು ಹೊರಟರು.

ಸೋಮವಾರ ಬೆಳಿಗ್ಗೆ ಮೊದಲ ಬೆಡ್‌ಶೀಟ್ ಹಿಡಿಯುವಾಗಲೇ ಇಸ್ತ್ರಿಯಾಕೆ ಕೇಳಿದಳು: “ಹೇಳಿದ್ರಾ?”

“ಅವರಿಗೆ ಕಿವಿ ಮಂದ ಕಣಮ್ಮ,” ಎಂದು ಅವರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಬ್ಲೇಡಿನ ಪೊಟ್ಟಣವನ್ನು ಅಂದು ಸಂಜೆಯೇ ಕೊಂಡುಕೊಂಡರು. ಒಂದು ಪೊಟ್ಟಣದಲ್ಲಿ ಐದಿರುತ್ತವೆ, ಐದು ಭಾನುವಾರಕ್ಕೆ.