ಬ್ರೇಕ್ ಸರಿಮಾಡಿಸಿದ ತಪ್ಪಿಗೆ

ಹೋದ ತಿಂಗಳು ನಾನು ಕಾರ್ ರೇಸ್ ಗೆದ್ದೆ. ನಗಬೇಡಿ. ಚಿತ್ತಾಪುರದ ಕೋರ್ಟಿನಲ್ಲಿ ವಾಯಿದೆ ಕೇಳುವುದನ್ನು ಬಿಟ್ಟು ಈ ವಕೀಲ ಇನ್ನೊಂದರಲ್ಲೂ ಹುಷಾರು ಎಂದು ಅವತ್ತೇ ಗೊತ್ತಾಗಿದ್ದು.

ಶಹಾಬಾದ್ ಹತ್ತಿರ ಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ಬಯಲಿದೆ. ಅಲ್ಲಿ ನಮ್ಮ ಮೋಟಾರ್ ಕ್ಲಬ್ಬಿನವರು ತಿಂಗಳಿಗೊಂದು ಭಾನುವಾರ ಕಾರು ಓಡಿಸುತ್ತಾರೆ. (ರಾಜ್ಯದ ಹೆಸರು ಬದಲಾಗಿ ವರ್ಷ ಕಳೆದರೂ ಕ್ಲಬ್ಬಿನ ಬೋರ್ಡಿನಲ್ಲಿ ಇನ್ನೂ 'ಮೈಸೂರು' ಇದೆ. ಸ್ಪೀಡೆಲ್ಲ ಕಾರಿಗೆ ಮಾತ್ರ.) ಅವತ್ತು ನಾನು ಫರ್ಸಿ ಕಲ್ಲಿನ ಕಂಟ್ರಾಕ್ಟರ್ ವೀರಭದ್ರಪ್ಪನನ್ನು ಒಂದು ಬಾನೆಟ್ಟಿನಷ್ಟು ಅಂತರದಲ್ಲಿ ಸೋಲಿಸಿದೆ. ಆ ಬಾನೆಟ್ಟಿನ ಕಥೆಯನ್ನು ಒಂದು ವಾರ ಎಲ್ಲರಿಗೂ ಹೇಳಿದೆ. ಕಕ್ಷಿದಾರರಿಗೂ ಹೇಳಿದೆ. ಅವರಿಗೆ ಎದ್ದು ಹೋಗುವ ಧೈರ್ಯ ಎಲ್ಲಿರುತ್ತದೆ?

ಮುಂದಿನ ರೇಸಿಗೆ ಮೊದಲು ಕಾರು ತೋರಿಸಲು ವಾಡಿಯ ಇಸ್ಮಾಯಿಲ್ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಹೆಂಡತಿ ಶಾಂತಾ ಜೊತೆಗಿದ್ದಳು. ನೋಡಿದರೆ ವೀರಭದ್ರಪ್ಪನೂ ಅಲ್ಲೇ! ಮಿಸ್ತ್ರಿ ಅವನ ಕಾರಿನ ಚಕ್ರ ಬಿಚ್ಚಿ ಕೂತಿದ್ದ.

"ಬ್ರೇಕ್ ಪೂರಾ ಸವದು ಹೋಗ್ಯದ್ರಿ. ಲೈನಿಂಗ್ ಹೊಸಾದು ಹಾಕ್ಬೇಕು."

"ಅದು ಮುಂದಿನ ಸಲ ನೋಡೋಣು," ಎಂದ ವೀರಭದ್ರಪ್ಪ. "ಈಗ ಇಂಜಿನ್ ಟೈಟ್ ಮಾಡು. ಪಾಲಿಶ್ ಹೊಡಿ."

ನನ್ನ ಕಾರಿನ ಸರದಿ ಬಂತು. ಮಿಸ್ತ್ರಿ ಚಕ್ರ ಬಿಚ್ಚಿದ. ಅದೇ ಮಾತು. ನಾನೂ ಅದೇ ಉತ್ತರ ಕೊಟ್ಟೆ. (ಸುಳ್ಳು ಹೇಳಿ ಏನು ಪ್ರಯೋಜನ?) ರೇಸಿಗೆ ಬೇಕಾದದ್ದು ಓಟ. ಬ್ರೇಕ್ ಯಾರಿಗೆ ಬೇಕು?

ಮಿಸ್ತ್ರಿ ವಾದ ಮಾಡಲಿಲ್ಲ. ಚಕ್ರ ಹಾಕಿ, ಒಂದು ಚರಿಗೆ ತುಂಬ ನೀರು ತಂದು ಶಾಂತಾಳ ಕೈಗೆ ಕೊಟ್ಟ. "ಅಕ್ಕೋರೆ, ಇದು ಹಿಡ್ಕೊಂಡು ಕುಂದ್ರಿ. ಸಾಹೇಬ್ರೇ, ಆ ಬೇವಿನ ಗಿಡದ ತನಕ ಹೋಗಿ ನಿಲ್ಸ್ರಿ, ನೋಡೋಣು."

ಹೋದೆ. ಬ್ರೇಕ್ ಒತ್ತಿದೆ. ಕಾರು ಎಡಕ್ಕೆ ಎಳೆದು, ಗಿಡ ದಾಟಿ, ಮುಳ್ಳುಬೇಲಿಯಲ್ಲಿ ಮೂಗು ತೂರಿಸಿ ನಿಂತಿತು. ಅರ್ಧ ಚರಿಗೆ ಶಾಂತಾಳ ಸೀರೆ ಮೇಲೆ, ಅರ್ಧ ನನ್ನ ಮುಖದ ಮೇಲೆ.

ಆಕೆ ಸೆರಗು ಹಿಂಡುತ್ತಾ ಕೇಳಿದಳು, "ರೇಸಿಗಿ ನೀವು ಹೋಗ್ತೀರಿ. ಮನಿಗಿ ಯಾರು ಬರ್ತಾರ?"

ವಕೀಲ ಇಂಜಿನ್ ಆರಿಸಿದ. ಕೀಲಿ ಆಕೆಯ ಕೈಗೆ ಹೋಯಿತು. ಹೊಸ ಲೈನಿಂಗ್, ಹೊಸ ಪೈಪು, ನಾಲ್ಕೂ ಚಕ್ರದ ನಟ್ಟು ಎಲ್ಲಾ ಆಯಿತು. ಕೊನೆಗೆ ಚರಿಗೆಯಿಂದ ಒಂದು ಹನಿಯೂ ಚೆಲ್ಲದೆ ಕಾರು ಬೇವಿನ ಗಿಡದ ಕೆಳಗೇ ನಿಂತಾಗ ಕೀಲಿ ವಾಪಸ್ ಸಿಕ್ಕಿತು.

ಮೊನ್ನೆ ಭಾನುವಾರ ಎರಡನೇ ರೇಸ್. ಕೊನೆಯ ಸುತ್ತಿನಲ್ಲಿ ನಾನೇ ಮುಂದೆ. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಕಲ್ಲಿನ ಗುಡ್ಡೆಯ ಹಿಂದಿನಿಂದ ಒಂದು ಎಮ್ಮೆ ಬಂತು. ಅದರ ಹಿಂದೆ ಕೋಲು ಹಿಡಿದ ಒಬ್ಬ ಮುದುಕಿ!

ಎರಡೂ ಕಾಲಲ್ಲಿ ಬ್ರೇಕ್ ತುಳಿದೆ. ಕಾರು ನಿಂತಿತು. ಮುದುಕಿಗೂ ಬಂಪರಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ.  ಆಕೆ ಕೋಲು ಎತ್ತಿದಳು.

"ನಿನ್ನ ಮೋಟಾರಿಗಿ ಬೆಂಕಿ ಹಚ್ಲಿ! ದಾರಿ ಬಿಟ್ಟು ಎಮ್ಮಿ ಮೇಯೋ ಜಾಗಾಕ ಬಂದೀಯಲ್ಲೋ!"

ಅಷ್ಟರಲ್ಲಿ ವೀರಭದ್ರಪ್ಪ ಹಾರ್ನ್ ಹೊಡೆಯುತ್ತಾ ನಮ್ಮನ್ನು ಬಳಸಿ ಮುಂದೆ ಹೋದ. ನಿಲ್ಲಿಸಲು ಅವನೂ ಬ್ರೇಕ್ ಒತ್ತಿದ್ದನಂತೆ. (ಆಮೇಲೆ ಮಿಸ್ತ್ರಿಯ ಮುಂದೆ ಮೆಲ್ಲಗೆ ಒಪ್ಪಿಕೊಂಡ.) ಕಾರು ಗೆರೆ ದಾಟಿತು, ಜನರನ್ನು ದಾಟಿತು, ಫರ್ಸಿ ಪಾಲಿಶಿನ ಬಿಳಿ ಕೆಸರಿನ ಹೊಂಡದೊಳಗೆ ಕಿಟಕಿಯವರೆಗೆ ಇಳಿಯಿತು. ಹಗ್ಗ ಹಾಕಿ ಎಳೆದಾಗ ಅವನು ಈಗಷ್ಟೇ ಸುಣ್ಣ ಬಳಿದ ಗೋಡೆಯಂತಿದ್ದ.

ಆದರೂ ಪ್ರೈಜ್ ಅವನಿಗೇ! ಕ್ಲಬ್ಬಿನ ಅಧ್ಯಕ್ಷರು ಕೆಸರಿನ ಕೊರಳಿಗೇ ಹಾರ ಹಾಕಿ, "ಏನು ಧೈರ್ಯರೀ ಇವರ್ದು! ಎಮ್ಮಿಗೂ ಅಂಜಲಿಲ್ಲ!" ಎಂದು ಭಾಷಣ ಮಾಡಿದರು. ಚಪ್ಪಾಳೆ ತಟ್ಟಿದವರಲ್ಲಿ ಆ ಮುದುಕಿಯೂ ಇದ್ದಳು.

ನಮ್ಮಲ್ಲಿ ಬ್ರೇಕ್ ಇಲ್ಲದವರನ್ನು ಧೈರ್ಯವಂತರು ಅನ್ನುವುದು ಬರೀ ರೇಸಿನಲ್ಲೇ ಏನು?

ಸಮಯಕ್ಕೆ ಸರಿಯಾಗಿ ನಿಂತವನಿಗೆ ಹಾರ ಹಾಕುವ ಕ್ಲಬ್ ಎಲ್ಲಾದರೂ ಇದ್ದರೆ ತಿಳಿಸಿ, ನಾಳೆಯೇ ಮೆಂಬರ್ ಆಗುತ್ತೇನೆ.