ಶುಭದಾ ಮೇಡಂ ಕುಡಿಯದ ಚಹಾ

ಲೆಕ್ಕ ತಪಾಸಣೆಗೆಂದು ಯಾವ ಕಾರ್ಖಾನೆಯ ಹೊಸ್ತಿಲು ದಾಟಿದರೂ ಶುಭದಾ ಮೇಡಂ ಮೊದಲು ಬ್ಯಾಗಿನಿಂದ ಥರ್ಮಾಸು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಲ್ಯಾಪ್‌ಟಾಪು, ಫೈಲು ಎಲ್ಲ ಆಮೇಲೆ. ಅಲ್ಲಿಯವರು ಚಹಾದ ಮಾತು ತೆಗೆಯುವ ಮೊದಲೇ ಎರಡೂ ಕೈ ಮುಗಿದು ‘ನಕೋ’, ಬೇಡ, ಅಂದುಬಿಡುತ್ತಿದ್ದರು. ಆ ಥರ್ಮಾಸಿನಲ್ಲಿದ್ದದ್ದು ಸಕ್ಕರೆಯಿಲ್ಲದ ಚಹಾ. ಹನ್ನೊಂದು ಗಂಟೆಗೆಲ್ಲ ಆರಿ, ಮುಚ್ಚಳದ ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಅದನ್ನೇ ಜೊತೆಗೆ ಹೋದ ನಮಗೂ ಒಂದೊಂದು ಗುಟುಕು ಹಂಚುತ್ತಿದ್ದರು. ಬೇಡವೆಂದರೆ ಸಂಜೆಯವರೆಗೆ ಅದೂ ಇಲ್ಲ.

ನಾನು ಸಿ.ಎ. ಓದುತ್ತಾ, ದೇಶದ ತುಂಬ ಶಾಖೆಗಳಿರುವ ಆಡಿಟ್ ಕಂಪನಿಯೊಂದರ ಬೆಳಗಾವಿಯ ಟಿಳಕವಾಡಿ ಕಚೇರಿಗೆ ಆರ್ಟಿಕಲ್‌ಶಿಪ್ ತರಬೇತಿಗೆಂದು ಸೇರಿದ್ದೆ. ದೊಡ್ಡ ಕಂಪನಿ, ದೊಡ್ಡ ಕೆಲಸ ಕಲಿಯುತ್ತೇನೆ ಅಂದುಕೊಂಡಿದ್ದರೆ, ಮ್ಯಾನೇಜರ್ ಆಗಿ ಈ ಮಹಾತಾಯಿ ಗಂಟುಬಿದ್ದರು. ರಾಮತೀರ್ಥ ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮನೆಮಾತು ಮರಾಠಿ, ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ.

ಕಂಪನಿಯ ನಿಯಮದಲ್ಲಿದ್ದದ್ದು ಉಡುಗೊರೆ ಬೇಡ ಎಂದಷ್ಟೇ. ಚಹಾ ಬೇಡ ಎಂದು ಯಾರೂ ಬರೆದಿರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

‘ಉಂಡ ಮನಿಗೆ ಎರಡ ಬಗೀಬಾರದು ಅಂತಾರಿಲ್ಲೋ?’ ಅಂದರು. ‘ಮತ್ತ ನಮ್ಮ ಕೆಲಸೇನು? ತಪ್ಪಿದ್ರ ತಪ್ಪಂತ ಬರಿಯೂದು. ಅದಕ್ಕ ಉಣ್ಣಾಕ ಹೋಗಬಾರದು.’

ಇಂಥ ತರ್ಕಕ್ಕೆ ಏನು ಹೇಳುವುದು? ಹಣೆ ಹಣೆ ಬಡಿದುಕೊಳ್ಳಬೇಕು ಅಷ್ಟೆ.

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಂತೂ ನನ್ನ ಮಾನ ಹರಾಜಾಯಿತು. ಅಲ್ಲಿಯ ಹಿರಿಯ ಕಾರಕೂನರಿಗೆ ತಮ್ಮ ಚಹಾದಲ್ಲೇ ಏನೋ ಕೊರತೆಯಿದೆ ಎಂಬ ಚಿಂತೆ ಹತ್ತಿತು. ಒಂದು ದಿನ ಹಾಲು ಬದಲಿಸಿದರು, ಇನ್ನೊಂದು ದಿನ ಶುಂಠಿ ಹಾಕಿಸಿದರು. ಕೊನೆಗೆ ನನ್ನನ್ನು ಬದಿಗೆ ಕರೆದು, ಮೇಡಂದು ಉಪವಾಸವೇನು ಎಂದು ಮೆಲ್ಲಗೆ ಕೇಳಿದರು. ಸುಮ್ಮನಾದರೆ ಸಾಕು ಎಂದು ನಾನು ಹೂಂ ಅಂದೆ. ಮರುದಿನ ಮನೆಯಲ್ಲಿ ಹೇಳಿ ಮಾಡಿಸಿ ಡಬ್ಬಿ ತುಂಬ ಉಪವಾಸಕ್ಕೆ ನಡೆಯುವ ಸಾಬೂದಾಣಿ ಖಿಚಡಿ ತಂದರು, ಹುರಿದ ಶೇಂಗಾ ಕುಟ್ಟಿ ಹಾಕಿ, ಮೇಲೆ ನಿಂಬೆ ಹಿಂಡಿದ್ದು. ಮೇಡಂ ಕೈ ಮುಗಿದರು. ನನ್ನ ಕಣ್ಣೆದುರೇ ಡಬ್ಬಿ ವಾಪಸ್ಸು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಆದರೆ ಕಾರ್ಖಾನೆಯ ಗೇಟಿನೆದುರೇ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆ. ನಮ್ಮೂರು ಬೀಡಿಯಿಂದ ಬಂದು ಹೈಸ್ಕೂಲು, ಪಿಯುಸಿ ಓದಿದ್ದೆಲ್ಲ ಆ ಮನೆಯಲ್ಲಿ, ಅವಳ ಕೈಯ ರೊಟ್ಟಿ ತಿಂದು. ಅವಳ ಗಂಡ, ನಮ್ಮ ಕಾಕಾ, ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇದನ್ನು ಹೇಳಿದೆನೋ ಇಲ್ಲವೋ, ವರದಿಗೆ ಸಹಿಯಾಗುವ ತನಕ ಆ ಮನೆಯ ನೀರನ್ನೂ ಮುಟ್ಟಕೂಡದು ಎಂದು ಮೇಡಂ ಅಪ್ಪಣೆ ಮಾಡಿದರು. ಒಂದು ಮಧ್ಯಾಹ್ನ ಚಿಗವ್ವ ತಾನೇ ಗೇಟಿಗೆ ಬಂದಳು. ಓದುವಾಗ ನಾನು ಬಳಸುತ್ತಿದ್ದ ಸ್ಟೀಲಿನ ಲೋಟದಲ್ಲಿ ಚಹಾ, ಮೇಲೆ ಸೆರಗು ಮುಚ್ಚಿತ್ತು. ಎಲ್ಲರೆದುರು ಬೇಡವೆಂದೆ. ಅವಳು ಅದನ್ನು ಗೇಟಿನ ಬದಿಯ ಮಣ್ಣಿಗೆ ಸುರಿದು ಹೋದಳು.

ಬೆಳಗಾವಿಗೆ ಮರಳುವಾಗ ಕಾರಿನಲ್ಲಿ ಅಳು ತಡೆಯಲಾಗಲಿಲ್ಲ. ಮೇಡಂ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಅವರು ಕಿಟಕಿಯಾಚೆ ನೋಡುತ್ತಲೇ, ‘ಚಿಗವ್ವನ ಸಿಟ್ಟ ಇಳೀತೈತಿ ಗೌರಿ. ಹಾಕಿದ ಸಹಿ ವಾಪಸ್ ತಗೊಳ್ಳಾಕ ಬರೂದಿಲ್ಲ’ ಅಂದರು.

ಸಿಟ್ಟೇನೂ ಇಳಿಯಲಿಲ್ಲ. ವರದಿಗೆ ಸಹಿಯಾದ ಮರುದಿನವೇ ಓಡಿಹೋದೆ. ಚಿಗವ್ವ ಖುರ್ಚಿ ಹಾಕಿ, ‘ಬರ್ರಿ, ಕುಂದರ್ರಿ’ ಎಂದಳು. ನನಗೆ ‘ರೀ’! ಚಹಾ ಬಂದದ್ದು ಬೀಗರಿಗೆಂದು ಎತ್ತಿಟ್ಟ ಹೂವಿನ ಕಪ್ಪು-ಬಸಿಯಲ್ಲಿ. ನನ್ನ ಲೋಟ ಗೂಡಿನಲ್ಲಿ ಬೋರಲಾಗಿ ಕೂತಿತ್ತು. ಆಮೇಲೆ ಎಷ್ಟು ಸಲ ಹೋದರೂ ಅದೇ ಕಪ್ಪು, ಅದೇ ‘ರೀ’. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಮೇಡಂ ನಮ್ಮ ಕಂಪನಿ ಬಿಟ್ಟು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಾಗಿ ಸೇರಿಕೊಂಡರು. ಪೀಡೆ ತೊಲಗಿತು ಎಂದುಕೊಂಡೆ. ಮರುವರ್ಷ ಆ ಫೌಂಡ್ರಿಯ ಆಡಿಟ್ಟೇ ನನ್ನ ಪಾಲಿಗೆ ಬರಬೇಕೆ! ಅವರ ಕೋಣೆಗೆ ಹೋದರೆ, ತಾವೇ ಏಲಕ್ಕಿ ಕುಟ್ಟಿ ಹಾಕಿ ಚಹಾ ಮಾಡಿ, ಎರಡು ಕಪ್ಪು ಹಿಡಿದು ನಿಂತಿದ್ದಾರೆ. ನನಗೆಂದು ಸಕ್ಕರೆಯನ್ನೂ ಹಾಕಿದ್ದರಂತೆ. ಬರೀ ಒಂದು ಕಪ್ಪು ಚಹಾಕ್ಕಾಗಿ ನನ್ನ ಹೊಟ್ಟೆ ಉರಿಸಿದ ಹೆಂಗಸು ಇವರೇ. ನನ್ನ ಕೈಗಳು ತಾವಾಗಿಯೇ ಮುಗಿದವು.

‘ನಕೋ ರೀ, ಮೇಡಂ.’

ನಗುತ್ತಾರೆ, ಶಾಭಾಸ್ ಅನ್ನುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಚಾಚಿದ ಕೈ ಅಲ್ಲೇ ನಿಂತಿತು, ಮುಖ ಸಪ್ಪಗಾಯಿತು. ಕಪ್ಪನ್ನು ಕೆಳಗಿಟ್ಟು ಅದರ ಮೇಲೆ ಬಸಿ ಮುಚ್ಚಿದರು.

‘ನೀ ಮಾಡಿದ್ದ ಬರೋಬ್ಬರಿ ಐತಿ,’ ಅಂದರು. ತಮ್ಮ ಕಪ್ಪನ್ನೂ ಬದಿಗಿಟ್ಟು, ‘ಅವತ್ತ ಗೇಟಿನ್ಯಾಗ ನಿಮ್ಮ ಚಿಗವ್ವಗ ಹ್ಯಾಂಗಾಗಿರಬೇಕು ಅಂತ ಈಗ ಗೊತ್ತಾತು ನೋಡು’ ಎಂದರು.

ಆ ಆಡಿಟ್ ಮುಗಿದ ಸ್ವಲ್ಪ ದಿನಕ್ಕೆ, ಮಗಳ ಓದಿಗೆಂದು ಅವರು ಪುಣೆಗೆ ಹೋದರು. ನನಗೆ ಹೇಳಲೂ ಇಲ್ಲ. ಮತ್ತೆ ಅವರನ್ನು ನೋಡಿಲ್ಲ.

ಆ ಬೇಸಿಗೆಯಲ್ಲಿ ಖಾನಾಪುರಕ್ಕೆ ಹೋದಾಗ ಚಿಗವ್ವ ಖುರ್ಚಿ ಹಾಕಲಿಲ್ಲ. ಒಲೆಯ ಮುಂದೆ ನಿಂತೇ, ನಿನ್ನ ಲೋಟ ತೊಳಕೊಂಡು ಬಾ ಎಂದಳು. ನಾನು ಗೂಡಿನಿಂದ ಲೋಟ ಇಳಿಸಿ, ತೊಳೆದು ಒಲೆಯ ಬದಿಗಿಟ್ಟೆ.

‘ಪುಣೆಕ್ಕ ಹೋಗೂ ಮುಂದ ನಿಮ್ಮ ಮೇಡಂ ಬಂದಿದ್ರು,’ ಅಂದಳು ಚಹಾ ಸೋಸುತ್ತಾ. ‘ಇಲ್ಲೇ ನೆಲದ ಮ್ಯಾಲ ಕುಂತು, ಆ ಹುಡುಗಿದು ತಪ್ಪಿಲ್ಲ, ಅದು ನನ್ನ ಹಟ ಅಂದ್ರು. ಕೇಳಿ ಕೇಳಿ ಎರಡ ಸಲ ಚಾ ಹಾಕಿಸಿಕೊಂಡ್ರು. ಎಷ್ಟ ಛಲೋ ಹೆಣ್ಮಗಳು ಅಂತೀನಿ. ನಿನ್ನಂಗಲ್ಲ.’