ಅಧ್ಯಕ್ಷರ ಹೆಂಡತಿ

ಸರ್ಕಾರಿ ಶಾಲೆಯ ಮಕ್ಕಳ ತಾಯಂದಿರಿಗೆ ಓದಿನ ಬಗ್ಗೆ ಆಸಕ್ತಿಯೇ ಇಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಮೈ ಉರಿಯುತ್ತದೆ. ಈ ಮಾತನ್ನು ನಮ್ಮೂರ ಹೆಡ್‌ಮಾಸ್ತರರ ಬಾಯಿಂದ ಕೇಳಿ ಕೇಳಿ ಸಾಕಾಗಿದೆ. ಅವರು ಪಾಲಕರ ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಕುರುಗೋಡಿನ ಸುತ್ತ ಮೆಣಸಿನಕಾಯಿ ಕೆಂಪಾಗಿರುವ ಕಾಲದಲ್ಲಿ ಹನ್ನೊಂದು ಗಂಟೆಗೆ ಊರೊಳಗೆ ಯಾವ ತಾಯಿ ಇರುತ್ತಾಳೆ? ಬೆಳಕು ಹರಿಯುವ ಹೊತ್ತಿಗೆ ನಾವು ಬುತ್ತಿ ಕಟ್ಟಿಕೊಂಡು ಕಾಯಿ ಬಿಡಿಸುವ ಕೂಲಿಗೆ ಟಂಟಂ ಗಾಡಿ ಹತ್ತಿರುತ್ತೇವೆ. ಸಭೆಗೆ ಹೋಗುವವರು ಗಂಡಸರು. ಚಹಾ ಕುಡಿದು, ಬಿಸ್ಕತ್ತು ತಿಂದು, ಮಾಸ್ತರರು ಓದಿ ಹೇಳಿದ್ದಕ್ಕೆಲ್ಲ "ಆತು ಬಿಡ್ರಿ ಸರ" ಅಂದು ಎದ್ದು ಬರುತ್ತಾರೆ. ಕೊನೆಗೆ ಆಸಕ್ತಿ ಇಲ್ಲದವರು ನಾವು!

ನಾನು ಸಿರುಗುಪ್ಪದ ಹುಡುಗಿ. ಅಲ್ಲಿ ಪಿಯುಸಿ ಅರ್ಧಕ್ಕೆ ಬಿಡಿಸಿ ಈ ಹಳ್ಳಿಗೆ ಮದುವೆ ಮಾಡಿಕೊಟ್ಟರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಮಗಳು ಹುಟ್ಟಿದ ದಿನವೇ ಇವಳನ್ನು ಅರ್ಧಕ್ಕೆ ಬಿಡಿಸುವುದಿಲ್ಲ ಅಂದುಕೊಂಡಿದ್ದೆ. ಅವಳು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸುದ್ದಿ ಬಂತು. ಮಕ್ಕಳು ಕಡಿಮೆ ಇದ್ದಾರಂತೆ, ಆರು ಮತ್ತು ಏಳನೇ ಕ್ಲಾಸನ್ನು ದೊಡ್ಡ ರಸ್ತೆಯಾಚೆಗಿನ ಊರಿನ ಶಾಲೆಗೆ ಸೇರಿಸುತ್ತಾರಂತೆ. ಆ ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ಅದನ್ನು ದಾಟಿಸಿ ಕಳಿಸುವ ಮನೆ ನಮ್ಮೂರಲ್ಲಿ ಒಂದೂ ಇಲ್ಲ. ಕ್ಲಾಸು ಅಲ್ಲಿಗೆ ಹೋಯಿತೆಂದರೆ ಇವರ ಓದು ಐದಕ್ಕೇ ಮುಗಿಯಿತು. ನಮ್ಮ ಅತ್ತೆ ಸುದ್ದಿ ಕೇಳಿದ ದಿನವೇ ತಯಾರಾಗಿಬಿಟ್ಟರು. "ಐದ್ರ ಮಟ ಓದ್ಯಾಳಲ್ಲ, ಸಾಕು. ಬರೋ ವರ್ಷ ನಿನ್ನ ಕೂಡ ಕಾಯಿ ಬಿಡ್ಸಾಕ ಕರ್ಕೊಂಡು ಹೋಗು" ಅಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಆವತ್ತು ಆ ರೊಟ್ಟಿ ತಿಂದ ಪೆಟ್ಟು ಬೇರೆ ಯಾರಿಗೋ ಸಲ್ಲಬೇಕಿತ್ತು.

ಈಗ ಅಧ್ಯಕ್ಷರ ವಿಷಯ ಹೇಳಬೇಕು. ಶಾಲೆಯ ಸಮಿತಿಗೆ ಆ ಸಲ ಹೆಂಗಸೇ ಅಧ್ಯಕ್ಷರಾಗಲಿ ಎಂದು ಊರವರು ದೊಡ್ಡ ಮನಸ್ಸು ಮಾಡಿದ್ದರು. ಆರಿಸಿದ್ದು ನಮ್ಮ ಗುಂಪಿನಲ್ಲೇ ಕಾಯಿ ಬಿಡಿಸುವ ಒಬ್ಬಳನ್ನು. ಅವಳ ಮಗಳೂ ನನ್ನ ಮಗಳ ಕ್ಲಾಸು. ಮಗನನ್ನು ಮಾತ್ರ ಅವಳ ಗಂಡ ಬಳ್ಳಾರಿಯ ಪಾರ್ವತಿನಗರದಲ್ಲಿ ತನ್ನ ತಂಗಿಯ ಮನೆಯಲ್ಲಿಟ್ಟು ಇಂಗ್ಲಿಷ್ ಶಾಲೆಗೆ ಹಾಕಿದ್ದ. ಆರಿಸಿದ ದಿನ ಅವಳಿಗೊಂದು ಹಾರ ಹಾಕಿದರು, ಫೋಟೊ ತೆಗೆದರು, ಮನೆಗೆ ಕಳಿಸಿದರು. ಮರುದಿನದಿಂದ ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತವನು ಗಂಡ. ಮಾಸ್ತರರೂ ಊರವರೂ ಅವನನ್ನೇ "ಅಧ್ಯಕ್ಷರ, ಅಧ್ಯಕ್ಷರ" ಎಂದು ಕರೆಯುತ್ತಿದ್ದರು. ಇವಳು ಅಧ್ಯಕ್ಷರ ಹೆಂಡತಿಯಾದಳು. ಇದು ನಮ್ಮ ಕಡೆ ಹೊಸದಲ್ಲ, ಪಂಚಾಯ್ತಿಯಲ್ಲೂ ಇದೇ ಹಣೆಬರಹ. ಯಾರಿಗೂ ಇದರಲ್ಲಿ ನಗು ಬರುವುದಿಲ್ಲ, ಅದೇ ನನಗೆ ತಡೆಯಲಾಗದ್ದು.

ಒಂದು ದಿನ ನಾವಿಬ್ಬರೂ ಅಕ್ಕಪಕ್ಕದ ಸಾಲಿನಲ್ಲಿ ಕಾಯಿ ಬಿಡಿಸುತ್ತಿದ್ದಾಗ ಅವಳ ಫೋನು ರಿಂಗಾಯಿತು. ಕೈಯೆಲ್ಲ ಖಾರ, ಮೊಣಕೈಯಿಂದಲೇ ಒತ್ತಿ ಸ್ಪೀಕರ್ ಹಾಕಿದಳು. ಹೆಡ್‌ಮಾಸ್ತರರ ದನಿ. "ಅಧ್ಯಕ್ಷರು ಅದಾರೇನಮ್ಮ? ಇವತ್ತು ಸಭಿ ಐತಿ, ಆರು ಏಳು ಕಳಸೋದರ ಬಗ್ಗೆ. ಎಲ್ಲಾರೂ ಕುಂತಾರ."

ಇವಳು ತಣ್ಣಗೆ ಅಂದಳು. "ಅಧ್ಯಕ್ಷರು ಮನ್ಯಾಗ ಅದಾರ್ರಿ ಸರ. ನಾನು ಹೊಲ್ದಾಗ ಅದೀನಿ."

ನನ್ನ ಕೈಯಲ್ಲಿದ್ದ ಕಾಯಿ ನೆಲಕ್ಕೆ ಬಿತ್ತು. "ಏನಂದಿ ನೀನು? ಅಧ್ಯಕ್ಷರು ಎಲ್ಲದಾರ ಅಂದಿ? ನೀನು ಯಾರು ಹಂಗಾರ?" ಎಂದು ಕೂಗಿದೆ. ಹೊಲದಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅವಳು ನನ್ನ ಮುಖ ನೋಡಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಆಮೇಲೆ, "ಯಕ್ಕಾ, ನನಗೂ ರೂಢಿ ಆಗಿಬಿಟ್ಟೈತಿ ನೋಡು" ಅಂದಳು.

ಹೊಲ ಬಿಟ್ಟು ಹೋಗುವುದು ಸುಲಭವಲ್ಲ. ನಮ್ಮದು ತೂಕದ ಕೂಲಿ, ಚೀಲ ತುಂಬದಿದ್ದರೆ ಆ ದಿನ ಹೋದಂತೆಯೇ. ಆದರೆ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಉಂಟು. ಹೆರಿಗೆಗೋ ಸಾವಿಗೋ ಒಬ್ಬಳು ನಡುವೆ ಎದ್ದು ಹೋಗಬೇಕಾದರೆ ಉಳಿದವರು ಹೋಗುತ್ತ ಬರುತ್ತ ಅವಳ ಚೀಲಕ್ಕೆ ಒಂದೊಂದು ಹಿಡಿ ಹಾಕುತ್ತಾರೆ. ಇದು ಹೆರಿಗೆಯೂ ಅಲ್ಲ, ಸಾವೂ ಅಲ್ಲ. ನಾನು ಕೇಳುವ ಮೊದಲೇ ಆಂಧ್ರದ ಗಡಿಯ ಕಡೆಯಿಂದ ಬರುವ ಮುದುಕಿಯೊಬ್ಬಳು ನಮ್ಮಿಬ್ಬರ ಚೀಲಕ್ಕೂ ಹಿಡಿ ಹಿಡಿ ಸುರಿದು, ಹೋಗಿ ಬನ್ನಿ ಎಂದು ತೆಲುಗಿನಲ್ಲೇ ಗದರಿಸಿದಳು. ಬೇವಿನ ಮರದಡಿ ಮಲಗಿದ್ದ ಟಂಟಂನವನನ್ನು ಎಬ್ಬಿಸಿದೆವು.

ಶಾಲೆಯಲ್ಲಿ ಸಭೆ ಮುಗಿಯುವ ಹಂತದಲ್ಲಿತ್ತು. ಚಹಾದ ಲೋಟಗಳು ಖಾಲಿಯಾಗಿದ್ದವು. ಅವಳ ಗಂಡ ಕುರ್ಚಿಯಲ್ಲಿದ್ದ. ನಮ್ಮನ್ನು ನೋಡಿದ್ದೇ, "ಏನ್ಲೇ, ಹೊಲ ಬಿಟ್ಟು ಯಾಕ ಬಂದಿ?" ಅಂದ.

ಅವಳು ಬಾಗಿಲಲ್ಲೇ ನಿಂತಳು. ನನಗೆ ತಡೆಯಲಾಗಲಿಲ್ಲ. ಮಕ್ಕಳ ಕ್ಲಾಸು ಕಳಿಸುವ ಮೊದಲು ತಾಯಂದಿರನ್ನು ಯಾಕೆ ಕೇಳಲಿಲ್ಲ ಎಂದು ಗಂಟಲು ಹರಿಯುವಂತೆ ಕೇಳಿದೆ. ಹೆಡ್‌ಮಾಸ್ತರರು ಸಮಾಧಾನದ ದನಿಯಲ್ಲಿ, "ನೀವು ಸಮಿತಿಯವರಲ್ಲಮ್ಮ, ಹೊರಗ ಕುಂದರ್ರಿ" ಅಂದರು. ಆ ಸಮಾಧಾನದ ದನಿ ಇದೆಯಲ್ಲ, ಬೈದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ನಾನಲ್ಲ ಸರ. ಇಕಿ ಅದಾಳಲ್ಲ, ಇಕಿನ್ನ ಕೇಳ್ರಿ" ಅಂದೆ.

ಮಾಸ್ತರರು ಅವಳನ್ನು ನೋಡಿದರು. ನೋಡಿ, ಮುಖ ತಿರುಗಿಸಿ, ಗಂಡನನ್ನು ಕೇಳಿದರು. "ಏನ್ ಮಾಡೂಣ್ರಿ ಅಧ್ಯಕ್ಷರ?"

ಆಗ ಅವಳು ಒಳಗೆ ಬಂದಳು. "ಅವರ್ನ ಏನ್ ಕೇಳ್ತೀರಿ ಸರ? ಅವರು ಅಧ್ಯಕ್ಷರ ಗಂಡ."

ಹಿಂದಿನ ಬೆಂಚಿನಿಂದ ಒಬ್ಬ ಕಿಸಕ್ಕೆಂದು ನಕ್ಕ. ಆ ನಗುವಿಗೆ ಗಂಡ ಎದ್ದ, ನಮ್ಮ ಮಾತಿಗಲ್ಲ. ಮರ್ಯಾದೆ ಗಿರ್ಯಾದೆ ಎಂದು ಏನೋ ಗೊಣಗಿ ಹೊರಗೆ ಹೋದ. ಅವಳು ಸೆರಗಿನಿಂದ ಕುರ್ಚಿ ಒರೆಸಿ ಕೂತಳು. ಖಾರಕ್ಕೆ ಉರಿಯುವ ಕೈಗಳನ್ನು ಮೇಜಿನ ಮೇಲಿಟ್ಟು ಅಂದಳು. "ನನಗ ಒಪ್ಪಿಗಿ ಇಲ್ಲ ಅಂತ ಬರ್ಕೋರಿ. ನನ್ನ ಮಗ ಪಾರ್ವತಿನಗರದಾಗ ಅದಾನ. ಇಲ್ಲಿ ರಸ್ತಾ ದಾಟಬೇಕಾದಾಕಿ ನನ್ನ ಮಗಳು." ಮಾಸ್ತರರು ಬರೆದುಕೊಂಡರು. ಬರೆಯುವಾಗ ಅವರ ಮುಖ ಹರಳೆಣ್ಣೆ ಕುಡಿದಂತಿತ್ತು.

ಕೆಲವು ದಿನ ಕಳೆದ ಮೇಲೆ ಬಳ್ಳಾರಿಯಿಂದ ಅಧಿಕಾರಿಯೊಬ್ಬರು ಊರವರ ಅಭಿಪ್ರಾಯ ಕೇಳಲು ಬಂದರು. ಎಷ್ಟು ಗಂಟೆಗೆ? ಹನ್ನೊಂದಕ್ಕೆ! ನಾವು ಯಾರೂ ಇರಲಿಲ್ಲ, ನಮಗೆ ಹೇಳಿಯೂ ಇರಲಿಲ್ಲ. ಅಧಿಕಾರಿ ಐದನೇ ಕ್ಲಾಸಿಗೆ ಕಾಲಿಟ್ಟು ಅಧ್ಯಕ್ಷರು ಎಲ್ಲಿ ಎಂದು ಕೇಳಿದರಂತೆ. ಬಿಳಿ ಅಂಗಿ ಮತ್ತೆ ಮುಂದೆ ಬಂದು ಕೈ ಮುಗಿಯಿತಂತೆ. ಆಗ ನನ್ನ ಮಗಳು ಎದ್ದು ನಿಂತು, "ಅವರಲ್ರಿ ಸರ. ನಮ್ಮ ಅಧ್ಯಕ್ಷರು ಕಾಯಿ ಬಿಡ್ಸಾಕ ಹೋಗ್ಯಾರ. ನೀವು ಸಂಜೀಕ ಬರ್ರಿ" ಅಂದಳಂತೆ. ನಾವು ಗಾಡಿಯಿಂದ ಇಳಿಯುವ ಮೊದಲೇ ಓಡಿ ಬಂದು ಹೇಳಿದಳು.

ಮನೆಗೂ ಹೋಗದೆ, ಕೈಯನ್ನೂ ಸರಿಯಾಗಿ ತೊಳೆಯದೆ, ನಾವೆಲ್ಲ ಶಾಲೆಯ ಕಟ್ಟೆಯ ಮೇಲೆ ಕೂತೆವು. ಬೀದಿದೀಪಗಳು ಹತ್ತಿದವು. ಅಧಿಕಾರಿ ಬರಲಿಲ್ಲ. ಬರುತ್ತಾರೆಂದು ನಂಬಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಕ್ಲಾಸು ಕಳಿಸಿ ಎಂಬ ಆದೇಶವೂ ಈ ತನಕ ಬಂದಿಲ್ಲ, ಉಳಿಸಿಕೊಳ್ಳಿ ಎಂಬ ಮಾತೂ ಬಂದಿಲ್ಲ. ಜೂನಿನಲ್ಲಿ ಮಗಳು ಅದೇ ಶಾಲೆಯಲ್ಲಿ ಆರನೇ ಕ್ಲಾಸಿಗೆ ಕೂತಳು. ಏಳರದ್ದು ಮುಂದಿನ ವರ್ಷದ ಜಗಳ.

ಮೊನ್ನೆ ಊಟಕ್ಕೆ ಕೂತಾಗ ಅತ್ತೆ ಮತ್ತೆ ಶುರು ಮಾಡಿದರು. "ಸಾಹೇಬರ ಮುಂದ ಎದ್ದು ನಿಂತು ಮಾತಾಡ್ತಾಳಂತ! ಹೆಣ್ಣುಹುಡುಗಿ ಬಾಯಿ ಜೋರಾತು. ಸಾಲಿ ಬಿಡ್ಸು ಇನ್ನ."

"ಅದಕ್ಕಂತನ ಸಾಲಿಗಿ ಕಳಸ್ತೀನ್ರಿ ಅತ್ತಿ" ಅಂದು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.